ಸಹಾಯ ಬೇಕು: ಕಾರ್ಬನ್ ಕ್ರೆಡಿಟ್‌ಗೆ ಹಳೇ ಕೆಲಸ ಲೆಕ್ಕಕ್ಕೆ ಬರುತ್ತಾ?

ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆ ನಮ್ಮದು ತೆಂಗಿನ ತೋಟ. ಉಳುಮೆ ಬಿಟ್ಟು ಎಷ್ಟೋ ವರ್ಷ ಆಯಿತು. ಗರಿ, ಸಿಪ್ಪೆ ಎಲ್ಲಾ ಬುಡಕ್ಕೇ ಹಾಕುತ್ತೇವೆ, ಮಳೆಗೆ ಹುರುಳಿ, ಅಪ್ಸೆಣಬು ಚೆಲ್ಲುತ್ತೇವೆ. ಹಳೇ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ (ಕಾರ್ಬನ್) ಶೇ. 0.5ಕ್ಕಿಂತ ಕಡಿಮೆ ಇತ್ತು. ಈಗ 0.75 ದಾಟಿದೆ.

ಈಗ ಒಂದು ಕಂಪನಿಯವರು ಕಾರ್ಬನ್ ಕ್ರೆಡಿಟ್ ಒಪ್ಪಂದ ಹಿಡಿದು ಬಂದಿದ್ದಾರೆ. ಮಣ್ಣು ಹಿಡಿದಿಟ್ಟ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್, ಅದನ್ನು ಮಾರಿದರೆ ದುಡ್ಡು. ಇದು ಗಾಳಿಮಾತೇನಲ್ಲ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲೇ ಫ್ರಾನ್ಸ್ 'ಸಾವಿರಕ್ಕೆ ನಾಲ್ಕು' ಅಂತ ಮಣ್ಣಿನ ಇಂಗಾಲದ ಯೋಜನೆ ಶುರು ಮಾಡಿತ್ತು. 2024ರ ಜನವರಿಯಲ್ಲಿ ಕೇಂದ್ರ ಕೃಷಿ ಸಚಿವಾಲಯವೂ ಕೃಷಿ ಕಾರ್ಬನ್ ಮಾರುಕಟ್ಟೆಗೆ ಒಂದು ಚೌಕಟ್ಟು ಹೊರಡಿಸಿತು.

ಆದರೆ ಕಂಪನಿಯವರು, 'ಸಹಿ ಹಾಕಿದ ಮೇಲೆ ಹೆಚ್ಚಾದ ಇಂಗಾಲ ಮಾತ್ರ ಲೆಕ್ಕ' ಅನ್ನುತ್ತಾರೆ. ಉತ್ತ ಮಣ್ಣಲ್ಲಿ ಇಂಗಾಲ ಕಡಿಮೆ, ಹೆಚ್ಚಾಗೋಕೆ ಜಾಗ ಜಾಸ್ತಿ. ಹಾಗಾದರೆ ನಿನ್ನೆವರೆಗೂ ಟ್ರ್ಯಾಕ್ಟರ್ ಹೊಡೆದವರಿಗೇ ಜಾಸ್ತಿ ಲಾಭ, ಅಲ್ವಾ? ಕೃಷಿ ಇಲಾಖೆಯಲ್ಲಿ ಕೇಳಿದೆ, ಸರಿಯಾದ ಉತ್ತರ ಸಿಗಲಿಲ್ಲ. ಕಂಪನಿಯವರಿಗೆ ಹಳೇ ಚೀಟಿ ತೋರಿಸಿದರೆ, ಅದರಲ್ಲಿ ಶೇಕಡಾ ಮಾತ್ರ ಇದೆ, ಟನ್ ಲೆಕ್ಕಕ್ಕೆ ಮಣ್ಣಿನ ಸಾಂದ್ರತೆ, ಆಳ ಎರಡೂ ಬೇಕು ಅಂದರು. ಆ ಮಾತು ಸರಿಯೇ. ಆದರೆ ಹೋದ ವರ್ಷಗಳ ಮಣ್ಣನ್ನು ಈಗ ಎಲ್ಲಿಂದ ತರಲಿ?

ಮೊದಲೇ ಉಳುಮೆ ಬಿಟ್ಟ ತೋಟವನ್ನು ಇಂಥ ಯೋಜನೆಗೆ ಸೇರಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮ ಒಪ್ಪಂದದಲ್ಲಿ ಲೆಕ್ಕ ಯಾವ ವರ್ಷದಿಂದ ಹಿಡಿದರು?