ಐದನೇ ಅಡ್ಡರಸ್ತೆಯ ಚರಂಡಿ ಮತ್ತು ನಗರಸಭೆಗೆ ಸೇರ್ಪಡೆಯ ಮನವಿ

ಸಂಘದ ಕಾರ್ಯದರ್ಶಿ:
ಮಾನ್ಯ ನಿವಾಸಿಗಳೇ, ಕಳೆದ ವಾರದ ಮಳೆಗೆ ಐದನೇ ಅಡ್ಡರಸ್ತೆಯ ಚರಂಡಿ ಮತ್ತೆ ಉಕ್ಕಿ ಮೂರು ಮನೆಗಳೊಳಗೆ ನೀರು ನುಗ್ಗಿತು. ಆ ಚರಂಡಿಯ ಮೇಲ್ಭಾಗ ಗ್ರಾಮ ಪಂಚಾಯಿತಿಗೆ ಸೇರಿದೆ, ಕೆಳಭಾಗ ನಗರಸಭೆಗೆ ಸೇರಿದೆ. ನಗರಸಭೆಯವರು ಟ್ರಾನ್ಸ್‌ಫಾರ್ಮರ್ ಪಕ್ಕದ ಮೋರಿಯವರೆಗೆ ಹೂಳೆತ್ತಿ ನಿಲ್ಲಿಸುತ್ತಾರೆ. ಪಂಚಾಯಿತಿಯವರು ಮೋರಿಯವರೆಗೆ ಬರುವುದೇ ಇಲ್ಲ. ಎರಡೂ ಕಚೇರಿಗಳಿಗೆ ಹೋಗಿ ಬಂದೆ. ಎರಡು ಕಡೆಯೂ ಸಿಕ್ಕ ಉತ್ತರ ಒಂದೇ: ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.’ ಇಡೀ ಬಡಾವಣೆಯನ್ನು ನಗರಸಭೆಗೆ ಸೇರಿಸುವಂತೆ ಮನವಿ ಸಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ದಯವಿಟ್ಟು ಎಲ್ಲರೂ ಪ್ರತಿಕ್ರಿಯಿಸಿ.

ಏಳನೇ ಅಡ್ಡರಸ್ತೆಯ ನಿವಾಸಿ:
ಕಾರ್ಯದರ್ಶಿಗಳೇ, ನಮ್ಮ ಮನೆ ಪಂಚಾಯಿತಿ ಭಾಗದಲ್ಲಿದೆ, ಹಾಗಾಗಿ ನನ್ನ ಆತಂಕವನ್ನು ಹೇಳಲೇಬೇಕು. 2007ರಲ್ಲಿ ಬೆಂಗಳೂರಿಗೆ 110 ಹಳ್ಳಿಗಳು ಸೇರಿದವು. ಅವುಗಳಿಗೆ ನೀರು ಕೊಡಲೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ಪಾಲಿಕೆಯಲ್ಲಿ ವಾರ್ಡ್‌ಗಳ ಸಂಖ್ಯೆ 198ರಿಂದ 243ಕ್ಕೆ, ಮತ್ತೆ 225ಕ್ಕೆ ಬದಲಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸದಸ್ಯರೇ ಇರಲಿಲ್ಲ. ಪಂಚಾಯಿತಿಯಲ್ಲಾದರೆ ಸುಮಾರು 400 ಜನರಿಗೆ ಒಬ್ಬ ಸದಸ್ಯರಿರುತ್ತಾರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ತೆರಿಗೆ ಹೆಚ್ಚಾಗುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಕೇಳುವ ಹಕ್ಕನ್ನು ಕಳೆದುಕೊಂಡು ಕಾಯುವ ಸ್ಥಿತಿ ನಮಗೆ ಬರಬಾರದು.

ನಿವೃತ್ತ ಭೂಮಾಪಕರು, ಮೂರನೇ ಅಡ್ಡರಸ್ತೆ:
ಏಳನೇ ಅಡ್ಡರಸ್ತೆಯ ಮೇಡಂ ಅವರ ಆತಂಕ ನ್ಯಾಯವಾದದ್ದು. ಮೊದಲು ಈ ಗಡಿ ಎಲ್ಲಿಂದ ಬಂತೆಂಬುದನ್ನು ತಿಳಿದುಕೊಳ್ಳೋಣ. ಅಧಿಸೂಚನೆಯಲ್ಲಿ ಗಡಿಯನ್ನು ಗ್ರಾಮದ ಹೆಸರು, ಸರ್ವೆ ನಂಬರ್ ಮತ್ತು ಚಕ್ಕುಬಂದಿಯ (ನಾಲ್ಕು ದಿಕ್ಕಿನ ಎಲ್ಲೆಗಳ ವಿವರ) ಮೂಲಕ ಬರೆಯುತ್ತಾರೆಯೇ ಹೊರತು ಅಡ್ಡರಸ್ತೆಯ ಲೆಕ್ಕದಲ್ಲಿ ಅಲ್ಲ. ನಿನ್ನೆ ಗ್ರಾಮ ನಕ್ಷೆಯನ್ನು ಬಡಾವಣೆಯ ನಕ್ಷೆಯ ಮೇಲಿಟ್ಟು ನೋಡಿದೆ: ಇಲ್ಲಿ ಹೊಲಗಳಿದ್ದ ಕಾಲದ ಒಂದು ಬದು ಈಗ ಐದನೇ ಅಡ್ಡರಸ್ತೆಯ ಎರಡು ಮನೆಗಳ ಕಾಂಪೌಂಡ್ ಒಳಗಿನಿಂದಲೇ ಹಾದುಹೋಗಿ ಮೋರಿಯ ಬಳಿ ರಸ್ತೆಗೆ ಇಳಿಯುತ್ತದೆ. ಹಾಗಾಗಿ ‘ನಮ್ಮ ಬಡಾವಣೆಯನ್ನು ಸೇರಿಸಿ’ ಎಂದಷ್ಟೇ ಬರೆದ ಮನವಿಯಿಂದ ಪ್ರಯೋಜನವಿಲ್ಲ. ಯಾವ ಗ್ರಾಮದ ಯಾವ ಸರ್ವೆ ನಂಬರ್, ಅದರಲ್ಲಿ ಎಷ್ಟು ವಿಸ್ತೀರ್ಣ ಎಂದು ಬರೆಯಬೇಕು. ಒಂದು ನಂಬರ್ ಬಿಟ್ಟುಹೋದರೂ ನಡುವೆ ಇನ್ನೊಂದು ತುಂಡು ಉಳಿದು ಇದೇ ಕಥೆ ಮರುಕಳಿಸುತ್ತದೆ.

ಸೇರ್ಪಡೆ ಒಂದೇ ಸಹಿಯಲ್ಲಿ ಮುಗಿಯುವ ಕೆಲಸವೂ ಅಲ್ಲ. ಪಂಚಾಯಿತಿ ಪ್ರದೇಶವನ್ನು 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಜಿಲ್ಲಾಧಿಕಾರಿಗಳು ಘೋಷಿಸುತ್ತಾರೆ. ನಗರಸಭೆಯ ಗಡಿಯನ್ನು 1964ರ ಪೌರಸಭೆಗಳ ಅಧಿನಿಯಮದಡಿ ಸರ್ಕಾರ ನಿಗದಿಪಡಿಸುತ್ತದೆ. ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಬರುವ ವರಮಾನ, ಕೃಷಿಯೇತರ ಉದ್ಯೋಗದಲ್ಲಿರುವವರ ಪ್ರಮಾಣ ಇವುಗಳನ್ನು ಗಮನಿಸಬೇಕೆಂದು ಸಂವಿಧಾನದ 243ಕ್ಯೂ ವಿಧಿ ಹೇಳುತ್ತದೆ. ಕರಡು ಅಧಿಸೂಚನೆ ಪ್ರಕಟವಾಗಿ, ಆಕ್ಷೇಪಣೆ ಆಲಿಸಿದ ಮೇಲೆಯೇ ಅಂತಿಮ ಅಧಿಸೂಚನೆ ಬರುತ್ತದೆ.

ಇನ್ನೊಂದು ಮುಖ್ಯ ವಿಷಯವಿದೆ. 2027ರ ಜನಗಣತಿಗಾಗಿ ಆಡಳಿತ ಘಟಕಗಳ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆಯೇ ಸ್ಥಿರಗೊಳಿಸಲಾಗಿದೆ. ಎಣಿಕೆ ಮುಗಿಯುವ ತನಕ ಯಾರು ಮನಸ್ಸು ಮಾಡಿದರೂ ಈ ಗಡಿ ಸರಿಯುವುದಿಲ್ಲ.

ಎರಡನೇ ಅಡ್ಡರಸ್ತೆಯ ನಿವಾಸಿ:
ಹಾಗಿದ್ದರೆ ಎಣಿಕೆಯ ಕಡೆಗೇ ಮೊದಲು ಗಮನ ಕೊಡೋಣ. ವಾರ್ಡ್‌ಗಳನ್ನು ವಿಂಗಡಿಸುವಾಗ ಪ್ರಕಟವಾದ ಕೊನೆಯ ಜನಗಣತಿಯ ಅಂಕಿಗಳನ್ನೇ ಹಿಡಿಯುತ್ತಾರೆ, ಅಂದರೆ ಇಂದಿಗೂ 2011ರದ್ದನ್ನು. ಆಗ ಇಲ್ಲಿದ್ದದ್ದು ಹನ್ನೊಂದು ಮನೆಗಳು. ಇಂದು ನಾವು ಇನ್ನೂರಕ್ಕೂ ಹೆಚ್ಚು ಕುಟುಂಬಗಳಿದ್ದೇವೆ, ಕಡತದಲ್ಲಿ ಮಾತ್ರ ಇಲ್ಲ. ಗಡಿಯ ಮೇಲಿರುವ ಮನೆಗಳನ್ನು ಎರಡೂ ಕಡೆಯ ಗಣತಿದಾರರು ‘ಆ ಕಡೆಯವರದು’ ಎಂದು ಬಿಟ್ಟುಹೋಗುವ ಅಪಾಯವಿದೆ. ಅಂಥ ಮನೆಗಳ ಪಟ್ಟಿಯನ್ನು ನಾನು ಸಿದ್ಧಪಡಿಸುತ್ತೇನೆ.

ಸಂಘದ ಕಾರ್ಯದರ್ಶಿ:
ಧನ್ಯವಾದಗಳು. ಹಾಗಾದರೆ ಎರಡು ಪತ್ರಗಳನ್ನು ಸಿದ್ಧಪಡಿಸೋಣ. ಪಂಚಾಯಿತಿ ಮತ್ತು ನಗರಸಭೆ ಎರಡರ ಅಧಿಕಾರಿಗಳನ್ನೂ ಒಟ್ಟಿಗೆ ಮೋರಿಯ ಬಳಿಗೆ ಕರೆಸಿ ಜಂಟಿ ಸ್ಥಳ ತನಿಖೆ ನಡೆಸಬೇಕೆಂದು ಕೋರಿ ಜಿಲ್ಲಾಧಿಕಾರಿಗಳಿಗೆ ಮೊದಲ ಪತ್ರವನ್ನು ಈ ವಾರವೇ ಕೊಡೋಣ. ಹೂಳೆತ್ತುವುದಕ್ಕೆ ಗಡಿ ಬದಲಾಗಬೇಕಾಗಿಲ್ಲ. ಸೇರ್ಪಡೆಯ ಪ್ರಸ್ತಾವವನ್ನು ಸರ್ವೆ ನಂಬರ್ ಸಹಿತ ಈಗಲೇ ಬರೆದಿಟ್ಟು, ಎಣಿಕೆ ಮುಗಿದ ಕೂಡಲೇ ಸಲ್ಲಿಸೋಣ.

ಏಳನೇ ಅಡ್ಡರಸ್ತೆಯ ನಿವಾಸಿ:
ಒಪ್ಪುತ್ತೇನೆ, ಆದರೆ ಒಂದು ಷರತ್ತಿದೆ. ಪ್ರಸ್ತಾವವನ್ನು ಸಲ್ಲಿಸುವ ಮೊದಲು ಅದನ್ನು ಗ್ರಾಮಸಭೆಯಲ್ಲಿ ಓದಿ, ಅಲ್ಲಿ ಬಂದ ಅಭಿಪ್ರಾಯವನ್ನು ಲಗತ್ತಿಸಬೇಕು. ಮೂಲ ಹಳ್ಳಿಯವರನ್ನು ಕೇಳದೆ ಅವರ ಪಂಚಾಯಿತಿಯ ತೆರಿಗೆ ವರಮಾನವನ್ನು ನಾವು ಕೊಂಡೊಯ್ಯುವುದು ಸರಿಯಲ್ಲ.

ನಿವೃತ್ತ ಭೂಮಾಪಕರು, ಮೂರನೇ ಅಡ್ಡರಸ್ತೆ:
ಖಂಡಿತ ಹಾಗೆಯೇ ಮಾಡೋಣ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉದ್ಯಾನದ ಮಂಟಪದಲ್ಲಿರುತ್ತೇನೆ. ಎಲ್ಲರೂ ಖಾತೆ ಮತ್ತು ಕ್ರಯಪತ್ರದ ನಕಲು ತನ್ನಿ; ಚಕ್ಕುಬಂದಿಯ ಪುಟ ಅದರಲ್ಲಿ ಇರಲೇಬೇಕು.