ಸಹಾಯ ಬೇಕು: ರಷ್ಯನ್ ಕೈಬರಹ ಓದಬಲ್ಲವರು ಇದ್ದೀರಾ?

ನಮಸ್ಕಾರ. 1985ರ ಬೇಸಿಗೆಯಲ್ಲಿ, ನನಗಾಗ ಹನ್ನೆರಡು ವರ್ಷ, ಸೋವಿಯತ್ ಒಕ್ಕೂಟದ ಆರ್ತೆಕ್ ಮಕ್ಕಳ ಶಿಬಿರಕ್ಕೆ ಹೋಗಿದ್ದೆ. ಕ್ರಿಮಿಯಾದಲ್ಲಿ, ಕಪ್ಪು ಸಮುದ್ರದ ದಡದಲ್ಲಿದೆ, 1925ರಲ್ಲಿ ಶುರುವಾಗಿದ್ದು. ಪಕ್ಕದ ಆಯು-ದಾಗ್ ಬೆಟ್ಟ ನೀರಿಗೆ ಬಾಯಿ ಹಾಕಿದ ಕರಡಿ ತರಾನೇ ಕಾಣುತ್ತದೆ, ಮೊದಲ ರಾತ್ರಿ ಅದನ್ನು ನೋಡಿ ಅತ್ತಿದ್ದೆ (ಈಗ ನಗು ಬರುತ್ತದೆ).

ಕೊರಳಿಗೆ ಕಟ್ಟುವ ಕೆಂಪು ಸ್ಕಾರ್ಫಿನ ಗಂಟು ನನಗೆ ಬರುತ್ತಲೇ ಇರಲಿಲ್ಲ, ಪಕ್ಕದ ಮಂಚದ ಹುಡುಗಿ ದಿನಾ ಬೆಳಗ್ಗೆ ಕಟ್ಟಿಕೊಡುತ್ತಿದ್ದಳು, ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೂ ಮಾತಿಗೇನೂ ಕಮ್ಮಿ ಇರಲಿಲ್ಲ. ಹೊರಡುವ ದಿನ ಅದೇ ಸ್ಕಾರ್ಫಿನ ಮೇಲೆ ಪೆನ್ನಿನಲ್ಲಿ ನಾಲ್ಕು ಸಾಲು ಬರೆದಳು. ಇಂಕು ಮಾಸುತ್ತಿದೆ. ಅನುವಾದದ ಆಪ್‌ಗೆ ಫೋಟೋ ಕೊಟ್ಟರೆ ಸುಮ್ನೆ ಏನೇನೋ ಹೇಳುತ್ತದೆ. ಯಾರಾದರೂ ಓದಿ ಹೇಳ್ತೀರಾ? ಫೋಟೋ ಕಳಿಸುತ್ತೇನೆ.