ಮಲ್ಪೆ ದಕ್ಕೆಯ ಕಡಲಕ್ಕಿ: ಕಾಲಿನ ರಿಂಗ್ ಓದುವುದು ಹೇಗೆ? ಒಮ್ಮೆ ತಿಳಿಸಿದರೆ ಸಾಕೇ?

ಪಡುಕೆರೆ_ದಂಡೆ:
ಮಲ್ಪೆ ದಕ್ಕೆಯ ಕಂದುತಲೆ ಕಡಲಕ್ಕಿಗಳಲ್ಲಿ ಒಂದರ ಕಾಲಿಗೆ, ಸಂಶೋಧಕರು ಗುರುತಿಗೆಂದು ತೊಡಿಸುವ ಬಣ್ಣದ ಪ್ಲಾಸ್ಟಿಕ್ ರಿಂಗ್ ಇದೆ. 8×42 ಬೈನಾಕ್ಯುಲರ್‌ನಲ್ಲಿ ಅಕ್ಷರ ಸಿಗುತ್ತಿಲ್ಲ. ಏನೇನು ಬರೆದುಕೊಳ್ಳಬೇಕು? ಅದೇ ಹಕ್ಕಿ ಮತ್ತೆ ಕಂಡರೆ ರಿಂಗ್ ತೊಡಿಸಿದವರಿಗೆ ಮತ್ತೆ ತಿಳಿಸಬೇಕೇ?

ಅಳಿವೆಬಾಗಿಲು:
ದೋಣಿಯಿಂದ ಮೀನು ಇಳಿಸುವ ಹೊತ್ತಿಗೆ ಓದಲು ಹೋಗಬೇಡಿ ಮಾರಾಯ್ರೆ, ಹಕ್ಕಿಗಳು ನಿಲ್ಲುವುದೇ ಇಲ್ಲ. ಇಳಿತದ ವೇಳೆ ಕೋಡಿಬೆಂಗ್ರೆ ಅಳಿವೆಯ ಮರಳಿನಲ್ಲಿ ಕೂತಾಗ ನೋಡಿ. ಒಂಟಿಕಾಲಲ್ಲಿ ನಿಂತಿದ್ದರೆ ಇನ್ನೊಂದು ಕಾಲು ಇಳಿಸುವ ತನಕ ಕಾಯಬೇಕು. 20–60 ಪಟ್ಟಿನ ಸ್ಕೋಪ್ ಒಳ್ಳೆಯದು. ಇಲ್ಲವಾದರೆ 400 ಮಿ.ಮೀ. ಲೆನ್ಸ್, 1/1000 ಸೆಕೆಂಡ್, ಹಕ್ಕಿ ತಿರುಗಿದಂತೆಲ್ಲ ಫೋಟೊ. ಕೋಡನ್ನು ರಿಂಗಿನ ಸುತ್ತ ಒಂದಕ್ಕಿಂತ ಹೆಚ್ಚು ಸಲ ಕೊರೆದಿರುತ್ತಾರೆ, ಸಾಮಾನ್ಯವಾಗಿ ಪಾದದಿಂದ ಮೇಲಕ್ಕೆ ಓದುವುದು.

ರಿಂಗಿನ ಬಣ್ಣ, ಅಕ್ಷರದ ಬಣ್ಣ, ಯಾವ ಕಾಲು (ಹಕ್ಕಿಯ ಎಡ-ಬಲ, ನಮ್ಮದಲ್ಲ), ಗಂಟಿನ ಮೇಲೋ ಕೆಳಗೋ, ಇನ್ನೊಂದು ಕಾಲಿಗೆ ಲೋಹದ ರಿಂಗ್ ಇದೆಯೋ, ಇಷ್ಟೂ ಬೇಕು. 8 ಮತ್ತು ಬಿ, 0 ಮತ್ತು ಡಿ ಅದಲುಬದಲಾಗುವುದು ಸುಲಭ. ಅನುಮಾನವಿದ್ದಲ್ಲಿ ಪ್ರಶ್ನೆಚಿಹ್ನೆ ಹಾಕಿ, ಊಹಿಸಿ ತುಂಬಬೇಡಿ. ತಪ್ಪು ಕೋಡ್ ಸತ್ತ ಹಕ್ಕಿಯನ್ನೂ ಕಾಗದದಲ್ಲಿ ಬದುಕಿಸಿಬಿಡುತ್ತದೆ.

ಶಾಂಭವಿ_ತೀರ:
ಮತ್ತೆ ಕಂಡರೆ ಖಂಡಿತ ತಿಳಿಸಿ, ಪ್ರತಿ ಸಲವೂ. ವಲಸೆಯ ದಾರಿ ತಿಳಿಯಲು ಒಂದು ವರದಿಯೂ ಉಪಯೋಗಕ್ಕೆ ಬರುತ್ತದೆ. ಬದುಕುಳಿಯುವ ಪ್ರಮಾಣಕ್ಕೆ ಸಾಲದು. 100 ಹಕ್ಕಿಗೆ ರಿಂಗ್ ತೊಡಿಸಿ ಮುಂದಿನ ಚಳಿಗಾಲ 40 ಕಂಡವು ಎನ್ನಿ. 60 ಸತ್ತವು ಎಂದಲ್ಲ: 80 ಬದುಕಿದ್ದು ಅರ್ಧ ಮಾತ್ರ ಕಣ್ಣಿಗೆ ಬಿದ್ದಿರಬಹುದು. ಎರಡನೇ ವರ್ಷ ಕಾಣದ ಹಕ್ಕಿ ಮೂರನೇ ವರ್ಷ ಸಿಕ್ಕರೆ, ನಾವು ಎಷ್ಟನ್ನು ಕಾಣದೆ ಬಿಟ್ಟೆವು ಎಂಬುದು ಗೊತ್ತಾಗುತ್ತದೆ. ಬದುಕುಳಿಯುವ ಪ್ರಮಾಣವನ್ನು ಅಂದಾಜಿಸುವ ಕೊರ್ಮ್ಯಾಕ್-ಜಾಲಿ-ಸೀಬರ್ ಎಂಬ ಲೆಕ್ಕದ ಮಾದರಿಯ ಜೀವಾಳ ಇದೇ. ಆದರೂ ಬೇರೆ ಕರಾವಳಿಗೆ ಕಾಯಂ ಹೋದದ್ದು, ರಿಂಗ್ ಕಳಚಿಬಿದ್ದದ್ದು ಈ ಲೆಕ್ಕದಲ್ಲಿ ಸಾವಿನಂತೆಯೇ ಕಾಣುತ್ತವೆ. ಅದಕ್ಕೇ ಮಂಗಳೂರು, ಕಾರವಾರದವರ ವರದಿಗಳೂ ಬೇಕು. ರಿಂಗ್ ಒಂದೂ ಸಿಗದ ದಿನದ ತಾರೀಕು, ನೋಡಿದ ಕಾಲುಗಳ ಸಂಖ್ಯೆಯನ್ನೂ ಬರೆದಿಡಿ.

ವಯಸ್ಸನ್ನು ಬಿಡಬೇಡಿ: ಬಾಲದ ತುದಿಗೆ ಕಪ್ಪು ಪಟ್ಟಿಯಿದ್ದರೆ ಎಳೆಯದು, ಕಣ್ಣು ತಿಳಿಬಣ್ಣದ್ದಾಗಿ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆಯಿದ್ದರೆ ಬೆಳೆದದ್ದು.

ಪಡುಕೆರೆ_ದಂಡೆ:
ಸತ್ತ ಹಕ್ಕಿಯ ಕಾಲಲ್ಲಿ ಲೋಹದ ರಿಂಗ್ ಮಾತ್ರ ಇದ್ದರೆ?

ಅಳಿವೆಬಾಗಿಲು:
ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರದ ಅಪಾಯವಿದೆ. ಅಲ್ಯೂಮಿನಿಯಂ ಉಪ್ಪುನೀರಿಗೆ ಬೇಗ ಸವೆಯುತ್ತದೆ, ಹಾಗಾಗಿ ಓರೆ ಬೆಳಕಿನಲ್ಲಿ ಸುತ್ತಲೂ ಫೋಟೊ ತೆಗೆಯಿರಿ. ಸಂಖ್ಯೆಯ ಜೊತೆ ವಿಳಾಸದ ಸಾಲೂ ಬೇಕು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯದ್ದಾದರೆ ಅವರಿಗೇ ಬರೆಯಿರಿ. ಜೀವಂತ ಹಕ್ಕಿಯನ್ನು ಓದಲೆಂದು ಹಿಡಿಯುವಂತಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು.